ರ‍್ಯಾಂಡ್ ಗಣಿಗಳಲ್ಲಿ ನ್ಯುಮೋನಿಯದ ಲಸಿಕೆ

ರೋಗಾಣುಗಳನ್ನು ಕೊಂದು, ಅವುಗಳನ್ನಾಗಲಿ ಅವುಗಳ ಸಾರವನ್ನಾಗಲಿ ದೇಹಕ್ಕೆ ಚುಚ್ಚಿ ಶ್ವಾಸಕೋಶದ ವ್ಯಾಧಿಗಳನ್ನು ಗೆಲ್ಲಬಹುದೆಂಬ ಆಸೆ ಹಳೆಯದು. 1890ರಲ್ಲಿ ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಸಾರಿದ ಟ್ಯುಬರ್ಕ್ಯುಲಿನ್ ಕ್ಷಯಕ್ಕೆ ಮದ್ದಾಗಲಿಲ್ಲ. ರೋಗವನ್ನು ಪತ್ತೆಹಚ್ಚುವ ಸಾಧನವಾಗಿ ಮಾತ್ರ ಉಳಿಯಿತು.

ಆ ಆಸೆಗೆ ಮರುಜೀವ ಕೊಟ್ಟವನು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಆಲ್ಮ್‌ರಾತ್ ರೈಟ್. ರಕ್ತದಲ್ಲಿರುವ ಕೆಲವು ದ್ರವ್ಯಗಳು ರೋಗಾಣುಗಳನ್ನು ಬಿಳಿಯ ರಕ್ತಕಣಗಳಿಗೆ ಆಹಾರವಾಗುವಂತೆ ಹದಗೊಳಿಸುತ್ತವೆ ಎಂದು ಅವನೂ ಡಗ್ಲಸನೂ 1903ರಲ್ಲಿ ತೋರಿಸಿದರು. ಊಟಕ್ಕೆ ಅಣಿಮಾಡುವುದು ಎಂಬರ್ಥದ ಗ್ರೀಕ್ ಮಾತಿನಿಂದ ಅವಕ್ಕೆ ‘ಆಪ್ಸೊನಿನ್’ ಎಂದು ಹೆಸರಾಯಿತು. ಮೃತ ರೋಗಾಣುಗಳ ಚುಚ್ಚುಮದ್ದಿನಿಂದ ಈ ದ್ರವ್ಯವನ್ನು ಹೆಚ್ಚಿಸಬಹುದು, ಆದಕಾರಣ ರೋಗ ತಗಲಿದ ಮೇಲೆಯೂ ಲಸಿಕೆ ಫಲಕಾರಿ ಎಂಬುದು ರೈಟನ ವಾದ. ರೋಗಿಯ ಕಫದಿಂದಲೇ ರೋಗಾಣುಗಳನ್ನು ಬೆಳೆಸಿ ಅವನಿಗೇ ಚುಚ್ಚುವ ಪದ್ಧತಿಯೂ ಬಳಕೆಗೆ ಬಂದಿತು. ಬರ್ನಾರ್ಡ್ ಷಾ 1906ರ ತನ್ನ ನಾಟಕದಲ್ಲಿ ಈ ವೈದ್ಯನನ್ನೇ ಮಾದರಿಯಾಗಿ ಇಟ್ಟುಕೊಂಡನೆಂದರೆ ರೈಟನ ಕೀರ್ತಿ ಎಷ್ಟೆಂಬುದನ್ನು ಊಹಿಸಬಹುದು.

ಈ ಕೀರ್ತಿಯೇ 1911ರಲ್ಲಿ ಅವನನ್ನು ದಕ್ಷಿಣ ಆಫ್ರಿಕದ ವಿಟ್ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳಿಗೆ ಕರೆತಂದಿತು. ಉಷ್ಣಪ್ರದೇಶಗಳಿಂದ ನೇಮಿಸಿ ತಂದ ಆಫ್ರಿಕನ್ ಕೂಲಿಗಾರರು ಅಲ್ಲಿ ನ್ಯುಮೋನಿಯದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ಸುಮಾರು 1,700 ಮೀಟರ್ ಎತ್ತರದ ಪ್ರಸ್ಥಭೂಮಿಯ ಚಳಿ, ಗಣಿಯೊಳಗಿನ ಸೆಕೆ, ಇಕ್ಕಟ್ಟಾದ ವಠಾರಗಳು: ಕಾರಣಗಳು ಕಣ್ಣೆದುರಿಗೇ ಇದ್ದುವು. ವಸತಿಯನ್ನು ಸುಧಾರಿಸುವುದಕ್ಕಿಂತ ಚುಚ್ಚುಮದ್ದು ಅಗ್ಗವೆಂದು ಗಣಿಯ ಒಡೆಯರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ರೈಟನೂ ಅವನ ಸಂಗಡಿಗರೂ ಮೃತ ನ್ಯುಮೊಕಾಕಸ್‌ಗಳ ಲಸಿಕೆಯನ್ನು ಐವತ್ತು ಸಾವಿರಕ್ಕೂ ಮಿಕ್ಕಿದ ಜನರಿಗೆ ಚುಚ್ಚಿದರು. ಒಡೆಯನದೇ ಆದ ವಠಾರದಲ್ಲಿ ವಾಸಿಸುವ ಕೂಲಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಎಷ್ಟಿದ್ದಿತು? ಚರಿತ್ರಕಾರನು ಈ ಪ್ರಶ್ನೆಯನ್ನು ಮರೆಯಲಾಗದು. 1914ರಲ್ಲಿ ಪ್ರಕಟವಾದ ವರದಿಯಲ್ಲಿ ರೈಟ್ ಲಸಿಕೆಯಿಂದ ಪ್ರಯೋಜನವಾಯಿತೆಂದು ಹೇಳಿದನು. ಆದರೆ ಅಂಕಿಅಂಶಗಳು ಆ ತೀರ್ಮಾನದ ಭಾರವನ್ನು ಹೊರುವಂತಿರಲಿಲ್ಲ. ಅಷ್ಟರಲ್ಲಿ, 1913ರಲ್ಲಿ, ಉಷ್ಣಪ್ರದೇಶಗಳಿಂದ ಕೂಲಿಗಳನ್ನು ತರುವುದನ್ನೇ ಸರ್ಕಾರ ನಿಷೇಧಿಸಿತ್ತು. ಪನಾಮದಲ್ಲಿ ಹೆಸರು ಗಳಿಸಿದ್ದ ಗೋರ್ಗಸ್ ಅಲ್ಲಿಗೆ ಬಂದು, ಮಲಗುವ ಜಾಗವನ್ನು ವಿಸ್ತರಿಸಬೇಕೆಂದು ಸಲಹೆಯಿತ್ತನು.

ಪ್ರಯೋಗದ ಮೂಲದೋಷವನ್ನು ಕಂಡವನು ಜೊಹಾನ್ಸ್‌ಬರ್ಗಿನ ಸ್ಪೆನ್ಸರ್ ಲಿಸ್ಟರ್. ನ್ಯುಮೊಕಾಕಸ್ ಒಂದೇ ಬಗೆಯದಲ್ಲ; ಒಂದು ಬಗೆಗೆ ದೊರೆತ ರಕ್ಷಣೆ ಮತ್ತೊಂದಕ್ಕೆ ಸಲ್ಲದು ಎಂದು ಅವನು 1913ರಲ್ಲಿ ತಿಳಿಸಿದನು. ಜರ್ಮನಿಯಲ್ಲಿ ನಾಯ್‌ಫೆಲ್ಡ್ ಮತ್ತು ಹೆಂಡೆಲ್ 1910ರಲ್ಲಿಯೇ ಇದರ ಸುಳಿವು ಕೊಟ್ಟಿದ್ದರು. ಬಗೆಯರಿಯದೆ ಬೆರೆಸಿದ ಲಸಿಕೆ ಕಿಂಡಿಗೆ ಹೊಂದದ ಕೀಲಿಕೈಯಂತಾಗಿದ್ದಿತು.

ಆ ಬಗೆಗಳ ಭೇದವೆಲ್ಲ ರೋಗಾಣುವಿನ ಹೊದಿಕೆಯ ಶರ್ಕರದ್ರವ್ಯದಲ್ಲಿದೆಯೆಂದು 1923ರಲ್ಲಿ ಅಮೆರಿಕದಲ್ಲಿ ಹೈಡಲ್‌ಬರ್ಗರ್ ಮತ್ತು ಏವರಿ ತಿಳಿಸಿಕೊಟ್ಟರು. ಇಡೀ ರೋಗಾಣುವನ್ನು ಬಿಟ್ಟು ನಾಲ್ಕು ಬಗೆಗಳ ಹೊದಿಕೆಯನ್ನಷ್ಟೇ ಬಳಸಿದ ಲಸಿಕೆ ಅಮೆರಿಕದ ಸೈನಿಕರನ್ನು ಕಾಯಿತೆಂಬ ವರದಿ 1945ರಲ್ಲಿ ಹೊರಬಿದ್ದಿತು. ಪೆನಿಸಿಲಿನ್ನಿನ ಬೆಳಕಿನಲ್ಲಿ ಅದು ಮಂಕಾಗಿ, ಮಾರಾಟಕ್ಕೆ ಬಂದ ಲಸಿಕೆಗಳೂ ಹಿಂದೆ ಸರಿದುವು. 1970ರ ದಶಕದಲ್ಲಿ ರಾಬರ್ಟ್ ಆಸ್ಟ್ರಿಯನ್ ಈ ಕಾರ್ಯವನ್ನು ಮತ್ತೆ ಕೈಗೊಂಡು, ಪರೀಕ್ಷೆಗೆ ಆರಿಸಿಕೊಂಡದ್ದು ದಕ್ಷಿಣ ಆಫ್ರಿಕದ ಚಿನ್ನದ ಗಣಿಯ ಹೊಸ ಕೂಲಿಗಾರರನ್ನೇ. ಹದಿನಾಲ್ಕು ಬಗೆಗಳ ಆ ಲಸಿಕೆಗೆ 1977ರಲ್ಲಿ ಅಮೆರಿಕದಲ್ಲಿ ಪರವಾನಗಿ ದೊರೆಯಿತು.