ಸರಳವೆಂಬ ಆಕ್ಷೇಪ

ವಾಮಂಜೂರಿನ ಮನೆಯಂಗಳದಲ್ಲಿ ತೆಗೆದ ಫೋಟೊ ಕ್ಷಣದಲ್ಲಿ ಕುವೈತಿನಲ್ಲೋ ಮಸ್ಕತ್ತಿನಲ್ಲೋ ಇರುವ ಮಗನ ಫೋನು ತಲುಪುತ್ತದೆ. ನಮ್ಮ ಕಡೆಯ ಮನೆಗಳಿಗೆ ಇದು ದಿನನಿತ್ಯದ ಸಂಗತಿ. ಫೋಟೊ ಇಷ್ಟು ಹಗುರಾಗಿ ಪಯಣಿಸುವಂತೆ ಮಾಡಿದ ಗಣಿತದ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿ ಅಲ್ಲೇ ಓದಿದ ಒಬ್ಬ ಇಂಜಿನಿಯರ್ ಇದ್ದಾರೆ. ನಾನು ಕೇಳಿ ನೋಡಿದ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ. ಅವರ ಕಥೆಯನ್ನು ಹೇಳಬೇಕಾದರೆ, ಅವರು ಹಿಂದಿಕ್ಕಿದ ಇನ್ನೊಂದು ಗಣಿತದಿಂದಲೇ ಶುರುಮಾಡಬೇಕು.

ಅದು ಹಡಮಾರ್ಡ್ ಪರಿವರ್ತನೆ. ಹೆಸರು ದೊಡ್ಡದು, ಒಳಗಿರುವುದು ಬರೀ ಕೂಡುವ, ಕಳೆಯುವ ಲೆಕ್ಕ. ಚಿತ್ರವೊಂದರಲ್ಲಿ ಅಕ್ಕಪಕ್ಕದ ನಾಲ್ಕು ಚುಕ್ಕಿಗಳ ಹೊಳಪು 100, 102, 101, 99 ಎಂದಿಟ್ಟುಕೊಳ್ಳಿ. ನಾಲ್ಕನ್ನೂ ಕೂಡಿದರೆ 402. ಕೂಡು-ಕಳೆಗಳ ಚಿಹ್ನೆಯನ್ನು ಇನ್ನು ಮೂರು ಬಗೆಯಲ್ಲಿ ಬದಲಿಸಿ ಲೆಕ್ಕ ಹಾಕಿದರೆ 0, 2, -4 ಸಿಗುತ್ತವೆ. ಒಂದು ದೊಡ್ಡ ಸಂಖ್ಯೆ, ಮೂರು ಪುಡಿ ಸಂಖ್ಯೆಗಳು. ಪುಡಿಗಳನ್ನು ಬರೆದಿಡಲು ಜಾಗ ಕಡಿಮೆ ಸಾಕು. ಮರಳಿ ಅದೇ ಕೂಡು-ಕಳೆ ಮಾಡಿ ನಾಲ್ಕರಿಂದ ಭಾಗಿಸಿದರೆ ಮೂಲದ 100, 102, 101, 99 ಹಾಗೆಯೇ ಬರುತ್ತವೆ.

ಈ ಚಿಹ್ನೆಗಳ ಕೋಷ್ಟಕವನ್ನು 1867ರಲ್ಲಿ ಇಂಗ್ಲೆಂಡಿನ ಸಿಲ್ವೆಸ್ಟರ್ ಕಟ್ಟಿದ್ದರು. 1893ರಲ್ಲಿ ಫ್ರಾನ್ಸಿನ ಜಾಕ್ ಹಡಮಾರ್ಡ್, ಡಿಟರ್ಮಿನೆಂಟ್ ಒಂದರ ಬೆಲೆ ಗರಿಷ್ಠ ಎಷ್ಟಾಗಬಹುದು ಎಂದು ಹುಡುಕುತ್ತ ಇದೇ ಕೋಷ್ಟಕಗಳಿಗೆ ಬಂದರು. ಫ್ರೆಂಚರ ಬಾಯಲ್ಲಿ ಆ ಹೆಸರು ಹೆಚ್ಚುಕಡಿಮೆ ‘ಅದಮಾರ್’ ಎಂದಾಗುತ್ತದೆ. ಕೇಳಿದಾಗ ನನಗೆ ಉಡುಪಿಯ ಕಡೆಯ ಅದಮಾರು ನೆನಪಾಗುತ್ತದೆ. ಇಬ್ಬರ ಎದುರಿಗೂ ಆಗ ಫೋಟೊ ಇರಲಿಲ್ಲ, ರಾಕೆಟ್ ಇರಲಿಲ್ಲ.

ಉಪಯೋಗ ಕಂಡದ್ದು ಕಂಪ್ಯೂಟರ್ ಬಂದ ಮೇಲೆ. ಆಗಿನ ಯಂತ್ರಗಳಿಗೆ ಗುಣಾಕಾರ ದುಬಾರಿ ಕೆಲಸ, ಕೂಡಿಸುವುದು ಅಗ್ಗ. 1969ರಲ್ಲಿ ಅಮೆರಿಕದ ವಿಲಿಯಂ ಪ್ರ್ಯಾಟ್ ಮತ್ತು ಸಂಗಡಿಗರು ಈ ಲೆಕ್ಕದಿಂದ ಚಿತ್ರಗಳನ್ನು ಸಂಕೇತಿಸುವ ಬಗೆಯನ್ನು ಪ್ರಕಟಿಸಿದರು. 1971ರ ನವೆಂಬರಿನಲ್ಲಿ ಮಂಗಳನನ್ನು ಸುತ್ತತೊಡಗಿದ ಮ್ಯಾರಿನರ್-9 ನೌಕೆಯೂ ಇದನ್ನೇ ನಂಬಿತ್ತು. ಚಿತ್ರದ ಪ್ರತಿ ಚುಕ್ಕಿಗೆ 64 ಛಾಯೆಗಳು. 32 ಸಾಲುಗಳ ಹಡಮಾರ್ಡ್ ಕೋಷ್ಟಕ ಮತ್ತು ಅದರ ಚಿಹ್ನೆ ತಿರುಗಿಸಿದ ಸಾಲುಗಳು ಸೇರಿದರೆ ಸರಿಯಾಗಿ 64. ಹೀಗೆ ಒಂದು ಛಾಯೆಗೆ ಒಂದು ಸಾಲು. ದಾರಿಯಲ್ಲಿ 32 ಚಿಹ್ನೆಗಳ ಪೈಕಿ ಏಳರವರೆಗೆ ಕೆಟ್ಟರೂ ಭೂಮಿಯ ಮೇಲಿನವರು ಸರಿಯಾದ ಛಾಯೆಯನ್ನು ಗುರುತಿಸಬಲ್ಲವರಾಗಿದ್ದರು.

ಇದೇ ಹೊತ್ತಿಗೆ ನಾಸಿರ್ ಅಹ್ಮದ್ ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಇಂದು ನಾವು ಯುವಿಸಿಇ ಎನ್ನುವ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದವರು. ಅವರ ತಲೆಯಲ್ಲೊಂದು ಯೋಚನೆಯಿತ್ತು. ಹಡಮಾರ್ಡ್ ಚಿಹ್ನೆಗಳು ಮೆಟ್ಟಿಲಿನಂತೆ ಥಟ್ಟನೆ ಏರಿ ಇಳಿಯುತ್ತವೆ. ಆದರೆ ಮುಖ, ಆಕಾಶ, ಗೋಡೆಗಳ ಮೇಲೆ ಬೆಳಕು ಮೆಲ್ಲಗೆ ಬದಲಾಗುತ್ತದೆ. ಮೆಟ್ಟಿಲಿನ ಬದಲು ನಯವಾದ ಕೊಸೈನ್ ಅಲೆಗಳನ್ನು ಬಳಸಿದರೆ ಇನ್ನೂ ಕಡಿಮೆ ಸಂಖ್ಯೆಗಳಲ್ಲಿ ಚಿತ್ರ ಹಿಡಿಸಬಹುದಲ್ಲವೇ?

1972ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ಪರಿಶೀಲಿಸಿದವರಲ್ಲಿ ಒಬ್ಬರಿಗೆ ಆ ಯೋಚನೆ ತೀರಾ ಸರಳವೆನಿಸಿತ್ತಂತೆ. ಅಹ್ಮದರೇ ಮುಂದೆ ಇದನ್ನು ಬರೆದಿದ್ದಾರೆ. ಅವರು ಕೈಬಿಡಲಿಲ್ಲ. 1973ರ ಬೇಸಿಗೆಯನ್ನೆಲ್ಲ ಇದಕ್ಕೇ ಮೀಸಲಿಟ್ಟು, ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಜೊತೆ ದುಡಿದರು. 1974ರ ಜನವರಿಯಲ್ಲಿ ನಾಲ್ಕೇ ಪುಟದ ಪ್ರಬಂಧ ಬಂತು. ಹಡಮಾರ್ಡ್ ಸೇರಿದಂತೆ ಆಗ ಬಳಕೆಯಲ್ಲಿದ್ದ ವಿಧಾನಗಳ ಪಕ್ಕದಲ್ಲಿಟ್ಟು ಕೊಸೈನ್ ಪರಿವರ್ತನೆಯನ್ನು ಅಳೆದು ತೋರಿಸಿದ ಪ್ರಬಂಧವದು. 1992ರ ಜೆಪೆಗ್ ಮಾನದಂಡ ನಿಂತಿರುವುದು ಈ ಡಿಸಿಟಿಯ ಮೇಲೆಯೇ.

ಹಾಗಾದರೆ ಹಡಮಾರ್ಡ್ ಮೂಲೆಗೆ ಬಿತ್ತೇ? ಇಲ್ಲ. 2003ರಲ್ಲಿ ಬಂದ ಎಚ್.264 ವಿಡಿಯೊ ಮಾನದಂಡದಲ್ಲಿ ಮೊದಲು ಕೊಸೈನನ್ನು ಹೋಲುವ ಲೆಕ್ಕ ನಡೆಯುತ್ತದೆ. ಅದರಿಂದ ಬಂದ ಕೆಲವು ಸಂಖ್ಯೆಗಳನ್ನು ಇನ್ನಷ್ಟು ಕುಗ್ಗಿಸಲು ಹಡಮಾರ್ಡ್ ಲೆಕ್ಕವನ್ನೇ ಕರೆಯುತ್ತಾರೆ. ಆಕಾಶದಲ್ಲೂ ಅದು ಉಳಿದಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ಒಂದು ಉಪಕರಣ ತೀವ್ರ ಎಕ್ಸ್-ಕಿರಣಗಳನ್ನು ನೋಡುತ್ತದೆ. ಅಂಥ ಕಿರಣಗಳನ್ನು ಮಾಮೂಲಿ ಮಸೂರದಿಂದ ಒಂದೆಡೆ ಸೇರಿಸಲಾಗದು. ಹಾಗಾಗಿ ಅರ್ಧ ಮಿಲಿಮೀಟರ್ ದಪ್ಪದ ಟ್ಯಾಂಟಲಮ್ ತಗಡಿನಲ್ಲಿ, 255 ಅಂಶಗಳ ಹಡಮಾರ್ಡ್ ವಿನ್ಯಾಸದಂತೆ ಕಿಂಡಿಗಳನ್ನು ಕೊರೆದಿದ್ದಾರೆ. ಕೆಳಗೆ ಬಿದ್ದ ನೆರಳನ್ನು ಲೆಕ್ಕದಿಂದ ಬಿಡಿಸಿದರೆ ಕಿರಣ ಯಾವ ದಿಕ್ಕಿನಿಂದ ಬಂತೆಂದು ತಿಳಿಯುತ್ತದೆ. ಉಪಗ್ರಹವನ್ನು ಜೋಡಿಸಿದ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ 2018ರಿಂದ ಯು. ಆರ್. ರಾವ್ ಅವರ ಹೆಸರಿದೆ. ಅವರು ಹುಟ್ಟಿದ ಊರು ಅದಮಾರು.

ಪ್ರಾಜೆಕ್ಟಿಗೆ ವಿಷಯ ಆರಿಸುವಾಗ ‘ಇದು ತುಂಬ ಸಿಂಪಲ್ ಆಯಿತು’ ಎಂದು ಹಿಂಜರಿಯುವ ವಿದ್ಯಾರ್ಥಿಗಳಿಗೆ ನಾನು ಈ ಇತಿಹಾಸವನ್ನು ಹೇಳುವುದುಂಟು. ಸರಳವಾದುದೆಲ್ಲ ಸುಲಭವೂ ಅಲ್ಲ. ನಾಲ್ಕು, ಎಂಟು, ಹನ್ನೆರಡು ಹೀಗೆ ನಾಲ್ಕರ ಪ್ರತಿಯೊಂದು ಗುಣಕದ ಅಳತೆಗೂ ಹಡಮಾರ್ಡ್ ಕೋಷ್ಟಕ ಇದ್ದೇ ಇರುತ್ತದೆಂದು ಗಣಿತಜ್ಞರು ಊಹಿಸಿದ್ದಾರೆ. ಕೂಡು, ಕಳೆ ಎಂಬ ಎರಡೇ ಚಿಹ್ನೆಗಳ ಪ್ರಶ್ನೆ. ಅದಕ್ಕೆ ಸಾಧನೆ ಇನ್ನೂ ಸಿಕ್ಕಿಲ್ಲ.