‘ಮಲಗು’ ಎಂದವರೇ ‘ನಡಿ’ ಎಂದರು: ಟೊಂಕನೋವಿನ ಚಿಕಿತ್ಸೆ ಬದಲಾದ ಕತೆ

ನಮ್ಮ ಕಡೆ ಸ್ಲಿಪ್ ಡಿಸ್ಕ್ ಎನ್ನುವುದಿಲ್ಲ, ‘ನಡದಾಗ ಗ್ಯಾಪ್ ಬಂದದ’ ಅಂತಾರೆ. ಶಹಾಬಾದಿನ ಪರ್ಸಿ ಖಣಿ, ವಾಡಿ-ಸೇಡಂನ ಸಿಮೆಂಟ್ ಕಾರ್ಖಾನೆ, ಚಿತ್ತಾಪುರ-ಚಿಂಚೋಳಿಯ ತೊಗರಿ ಹೊಲ, ಎಲ್ಲ ಕಡೆಯೂ ಬಗ್ಗಿ ಎತ್ತುವ ಕೆಲಸವೇ. ಒಂದು ಸಿಮೆಂಟ್ ಚೀಲ 50 ಕೆಜಿ. ಇಲ್ಲಿ ಟೊಂಕ ಹಿಡಿಯುವುದು ಹಳೆಯದು, ಅದರ ಕಾರಣ ತಿಳಿದದ್ದು ಮಾತ್ರ ಈಚೆಗೆ.

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಅವು ಜಾರಿ ಬೀಳುವುದಿಲ್ಲ. ಹೊರಪದರ ಹರಿದು ಒಳಗಿನ ತಿರುಳು ಉಬ್ಬಿ ನರವನ್ನು ಒತ್ತುತ್ತದೆ, ನೋವು ಕಾಲಿಗಿಳಿಯುತ್ತದೆ. ಈ ಉಬ್ಬನ್ನು ಮೊದಲು ಗಡ್ಡೆ ಎಂದೇ ತಿಳಿದಿದ್ದರು. ಅದು ಡಿಸ್ಕಿನದೇ ತಿರುಳು ಎಂದು 1934ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು. ಆಮೇಲೆ ಆಪರೇಷನ್ ಹೆಚ್ಚಿತು. ಆಪರೇಷನ್ ಬೇಡದವರಿಗೆ ವಾರಗಟ್ಟಲೆ ಹಾಸಿಗೆ.

1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಕಾಲುನೋವಿನ ರೋಗಿಯೊಬ್ಬನಿಗೆ ಬೋರಲು ಮಲಗಲು ಹೇಳಿ ಹೊರಗೆ ಹೋದರು. ಮೇಜಿನ ತುದಿ ಮೇಲಕ್ಕೆ ಎತ್ತಿದ್ದು ಹಾಗೇ ಉಳಿದಿತ್ತು. ಬಂದು ನೋಡಿದರೆ ರೋಗಿಯ ಬೆನ್ನು ಹಿಂದಕ್ಕೆ ಬಾಗಿದೆ, ಕಾಲುನೋವು ಹೋಗಿದೆ! ಆ ಕಾಲಕ್ಕೆ ಅದು ಅಪಾಯದ ಭಂಗಿ. ಮೆಕೆಂಜಿ ಅದರ ಬೆನ್ನುಹತ್ತಿ ವ್ಯಾಯಾಮದ ಪದ್ಧತಿಯನ್ನೇ ಕಟ್ಟಿದರು. ಹಿಂದಕ್ಕೆ ಬಾಗುವುದು ಎಲ್ಲರಿಗೂ ಹೊಂದುವುದಿಲ್ಲ. ಯಾರಿಗೆ ಯಾವುದು ಎಂದು ಪರೀಕ್ಷಿಸಿಯೇ ಹೇಳಬೇಕು. ಮೊಬೈಲ್ ವಿಡಿಯೋ ನೋಡಿ ಶುರು ಮಾಡುವವರಿಗೆ ಈ ಮಾತು.

ಹಾಸಿಗೆಯ ಪಟ್ಟ ಇಳಿಯಲು ಇನ್ನೂ ನಾಲ್ಕು ದಶಕ ಬೇಕಾಯಿತು. ಕಾಲಿಗಿಳಿದ ನೋವಿಗೂ ಎರಡು ವಾರದ ಹಾಸಿಗೆಯಿಂದ ಹೆಚ್ಚಿನ ಲಾಭವಿಲ್ಲ ಎಂದು 1999ರಲ್ಲಿ ನೆದರ್ಲೆಂಡ್ಸಿನ ಅಧ್ಯಯನ ಹೇಳಿತು. ಹೆಚ್ಚಿನವರಿಗೆ ಕೆಲವು ವಾರ-ತಿಂಗಳುಗಳಲ್ಲಿ ಆಪರೇಷನ್ ಇಲ್ಲದೆಯೇ ನೋವು ತಗ್ಗುತ್ತದೆ. ಉಬ್ಬಿದ ತಿರುಳನ್ನು ದೇಹವೇ ಎಷ್ಟೋ ಸಲ ಕರಗಿಸುತ್ತದೆ.

ಭಾರತದಲ್ಲಿ ಫಿಸಿಯೋಥೆರಪಿಯ ಕಲಿಕೆ 1950ರ ದಶಕದ ಆರಂಭದಲ್ಲಿ, ಪೋಲಿಯೋ ಕಾಲದಲ್ಲಿ, ಮುಂಬೈಯಲ್ಲಿ ಬೇರೂರಿತು. ನಮಗೆ ಹತ್ತಿರದ ದೊಡ್ಡ ಆಸ್ಪತ್ರೆಗಳು ಕಲಬುರಗಿಯಲ್ಲಿವೆ. ಅಲ್ಲಿನ ಇಎಸ್‌ಐ ಸೌಲಭ್ಯ ವಿಮೆಗೆ ಹೆಸರು ನೋಂದಾಯಿಸಿದ ಕಾರ್ಮಿಕರದ್ದು. ಹೆಸರೇ ಇಲ್ಲದ ಖಣಿಯ ದಿನಗೂಲಿಯವರಿಗೆ ಪ್ರತಿ ಭೇಟಿಯೂ ಒಂದು ದಿನದ ಕೂಲಿ. ಹತ್ತು ಸಲ ಬಾ ಎಂದರೆ ಎರಡನೇ ಸಲಕ್ಕೇ ನಿಲ್ಲುತ್ತಾರೆ. ಆದ್ದರಿಂದ ಮೊದಲ ಭೇಟಿಯಲ್ಲೇ ಮನೆಯಲ್ಲಿ ಮಾಡುವ ವ್ಯಾಯಾಮವನ್ನು ಮಾಡಿ ತೋರಿಸಿ ಎಂದು ಕೇಳಿ. ಯಾವ ಭಾರ, ಎಷ್ಟು ದಿನ ಎತ್ತಬಾರದು ಎಂದೂ ಕೇಳಿ.

ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲು ಬಾರದಿದ್ದರೆ ವ್ಯಾಯಾಮ ಬೇಡ, ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ.