ಪಾಯಿಂಟಿನಿಂದ ಟ್ರಾನ್ಸಿಸ್ಟರಿಗೆ: ಕಾರಿನ ಕಿಡಿಯ ಕಥೆ

ಹಳೆಯ ಅಂಬಾಸಿಡರ್ ಕಾರನ್ನೋ, ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕನ್ನೋ ಓಡಿಸಿದವರಿಗೆ ‘ಪ್ಲಾಟಿನಂ ಪಾಯಿಂಟ್’ ಎಂಬ ಮಾತು ಪರಿಚಿತ. ಗಾಡಿ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲು ನೋಡುತ್ತಿದ್ದುದು ಅದನ್ನೇ. ಉಪ್ಪುಕಾಗದದ ಚೂರನ್ನು ಮಡಿಸಿ, ಎರಡು ಪುಟ್ಟ ಲೋಹದ ಬಿಲ್ಲೆಗಳ ನಡುವೆ ತೂರಿಸಿ ಉಜ್ಜಿದರೆ ಅರ್ಧ ಕೆಲಸ ಮುಗಿದಂತೆ. ಬಿಲ್ಲೆಗಳಲ್ಲಿ ಇದ್ದುದು ಪ್ಲಾಟಿನಂ ಅಲ್ಲ, ಟಂಗ್‌ಸ್ಟನ್. ಬಹು ಹಿಂದೆ ಪ್ಲಾಟಿನಂ-ಇರಿಡಿಯಂ ಮಿಶ್ರಲೋಹ ಬಳಸುತ್ತಿದ್ದ ಕಾಲದ ಹೆಸರು ಮಾತ್ರ ಹಾಗೇ ಉಳಿದುಬಿಟ್ಟಿತು. ಅಮೆರಿಕದಲ್ಲಿ ಈ ಬಿಲ್ಲೆಗಳನ್ನು ಕಾರಿನಿಂದ ಹೊರಹಾಕಲು ಅರುವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಆ ಕೆಲಸ ಮಾಡಿದ್ದು ವೇಗದ ಹಂಬಲವಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ.

ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ, ಅಂಗಡಿಯ ಹಣದ ಪೆಟ್ಟಿಗೆಗೆ ವಿದ್ಯುತ್ ಮೋಟಾರು ಜೋಡಿಸಿ ಹೆಸರಾಗಿದ್ದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ದಹನ ವ್ಯವಸ್ಥೆ 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ತತ್ತ್ವ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದೇ. ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿಗಳು. ದಪ್ಪ ತಂತಿಯ ಪ್ರಾಥಮಿಕ ಸುರುಳಿಗಿಂತ ಸಣ್ಣ ತಂತಿಯ ದ್ವಿತೀಯಕ ಸುರುಳಿಯಲ್ಲಿ ಸುಮಾರು ನೂರು ಪಟ್ಟು ಹೆಚ್ಚು ಸುತ್ತುಗಳು. ಪಾಯಿಂಟುಗಳು ಕೂಡಿದ್ದಾಗ ಬ್ಯಾಟರಿಯ ಪ್ರವಾಹ ಪ್ರಾಥಮಿಕ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ತಿರುಗುವ ಕ್ಯಾಮ್ ಪಾಯಿಂಟುಗಳನ್ನು ಬಿಡಿಸಿದೊಡನೆ ಆ ಕ್ಷೇತ್ರ ಕುಸಿಯುತ್ತದೆ. ಪ್ರಾಥಮಿಕದಲ್ಲಿ ಇನ್ನೂರು ಮುನ್ನೂರು ವೋಲ್ಟ್, ದ್ವಿತೀಯಕದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ವೋಲ್ಟ್! ಅದು ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಕಿಡಿ ಪಾಯಿಂಟುಗಳ ನಡುವೆಯೇ ಹಾರಿ ಹೋಗದಂತೆ ತಡೆಯಲು ಪಕ್ಕದಲ್ಲೊಂದು ಕಂಡೆನ್ಸರ್. ಇಷ್ಟೇ. ಇಷ್ಟು ಸರಳವಾಗಿದ್ದುದರಿಂದಲೇ ಅದು ಅಷ್ಟು ಕಾಲ ಬಾಳಿತು.

1964ರಲ್ಲಿ ಪಾಂಟಿಯಾಕ್ ಜಿಟಿಓ ಬಂದಾಗ ಅಮೆರಿಕದಲ್ಲಿ ‘ಮಸಲ್ ಕಾರು’ಗಳ ಯುಗ ಆರಂಭವಾಯಿತು ಎನ್ನುತ್ತಾರೆ. ಮಸಲ್ ಎಂದರೆ ಮಾಂಸಖಂಡ. ಮಧ್ಯಮ ಗಾತ್ರದ ಕಾರಿನೊಳಗೆ ದೈತ್ಯ ಎಂಜಿನ್ ಕೂರಿಸುವುದೇ ಇದರ ಸೂತ್ರ. ಜಿಟಿಓ ಎಂಜಿನ್ನಿನ ಗಾತ್ರ 6.4 ಲೀಟರ್, ಸಿಲಿಂಡರ್ ಎಂಟು. ಆದರೆ ಈ ಗಟ್ಟಿಗರ ಎದೆಯಲ್ಲಿ ಇದ್ದುದು ಅದೇ ಕೆಟರಿಂಗ್ ಪಾಯಿಂಟುಗಳು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಎಂಟು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ನಾಲ್ಕು ಕಿಡಿ ಬೇಡುತ್ತದೆ. ನಿಮಿಷಕ್ಕೆ 6,000 ಸುತ್ತು ಎಂದರೆ ಸೆಕೆಂಡಿಗೆ 400 ಕಿಡಿ, ಎರಡು ಕಿಡಿಗಳ ನಡುವೆ ಕೇವಲ 2.5 ಮಿಲಿಸೆಕೆಂಡ್. ಅದರಲ್ಲಿ ಪಾಯಿಂಟುಗಳು ಕೂಡಿರುವುದು ಸುಮಾರು 1.7 ಮಿಲಿಸೆಕೆಂಡ್. ಸುರುಳಿಯ ಪ್ರೇರಕತೆ 8 ಮಿಲಿಹೆನ್ರಿ, ಮಂಡಲದ ಒಟ್ಟು ರೋಧ 3 ಓಮ್, ಬ್ಯಾಟರಿ 12 ವೋಲ್ಟ್ ಎಂದು ಇಟ್ಟುಕೊಳ್ಳಿ. ಎಂಜಿನ್ ನಿಧಾನವಾಗಿ ತಿರುಗುವಾಗ ಪ್ರವಾಹ ಪೂರ್ಣ 4 ಆಂಪಿಯರ್ ಮುಟ್ಟಲು ಸಮಯವಿದೆ. ಸಂಗ್ರಹವಾಗುವ ಶಕ್ತಿ 64 ಮಿಲಿಜೌಲ್. 6,000 ಸುತ್ತಿನಲ್ಲಾದರೋ ಪ್ರವಾಹ 1.9 ಆಂಪಿಯರನ್ನೂ ದಾಟಲಾರದು. ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು 14 ಮಿಲಿಜೌಲ್‌ಗೆ ಇಳಿಯುತ್ತದೆ. ಎಂಜಿನ್ನಿಗೆ ಕಿಡಿ ಬಹಳ ಬೇಕಾದ ಹೊತ್ತಿನಲ್ಲೇ ಅದು ಸೊರಗುತ್ತದೆ! ಹಾಗಾದರೆ ಪ್ರವಾಹ ಹೆಚ್ಚಿಸಬಹುದಲ್ಲ ಎನ್ನುವಿರಾ? ಟಂಗ್‌ಸ್ಟನ್ ಬಿಲ್ಲೆಗಳು ಸುಟ್ಟುಹೋಗುತ್ತವೆ. ಕ್ರೈಸ್ಲರ್ ಕಂಪನಿಯ ಪ್ರಸಿದ್ಧ 426 ಹೆಮಿ ಎಂಜಿನ್ನಿನಲ್ಲಿ ಎರಡು ಜೊತೆ ಪಾಯಿಂಟುಗಳನ್ನಿಟ್ಟು, ಅವು ಕೂಡಿರುವ ಅವಧಿಯನ್ನು ತುಸು ಹಿಗ್ಗಿಸಿದ್ದರು. ಅದು ತೇಪೆ ಹಾಕಿದಂತೆ, ಅಷ್ಟೆ.

ನಿಜವಾದ ಪರಿಹಾರ ಆಗಲೇ ಇತ್ತು. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಸವೆಯದ ಸ್ವಿಚ್. ಪಾಯಿಂಟುಗಳೇ ಇಲ್ಲದ, ಕಾಂತೀಯ ಸಂಜ್ಞೆಯಿಂದ ನಡೆಯುವ ಟ್ರಾನ್ಸಿಸ್ಟರ್ ದಹನ ವ್ಯವಸ್ಥೆಯನ್ನು 1963ರ ಕೆಲವು ಪಾಂಟಿಯಾಕ್ ಕಾರುಗಳಿಗೆ, ಎಂದರೆ ಜಿಟಿಓಗೂ ಮೊದಲೇ, ಕೊಡಲಾಗಿತ್ತು. ಆದರೆ ಅದು ಹೆಚ್ಚು ಹಣ ತೆತ್ತು ಹಾಕಿಸಿಕೊಳ್ಳಬೇಕಾದ ಸೌಲಭ್ಯ. ಅಗ್ಗದ ಪಾಯಿಂಟುಗಳು ಕೈಗೆ ಸಿಗುವಾಗ, ಸವೆದರೆ ಬದಲಿಸಬಹುದಾಗಿರುವಾಗ, ಕಂಪನಿಗಳಿಗೆ ಅವಸರವೇನಿತ್ತು?

ಅವಸರ ತಂದದ್ದು ಕಾನೂನು. 1970ರ ಶುದ್ಧ ವಾಯು ಕಾಯಿದೆ ಹೊಗೆಯಲ್ಲಿನ ಹೈಡ್ರೋಕಾರ್ಬನ್ ಮತ್ತು ಕಾರ್ಬನ್ ಮಾನಾಕ್ಸೈಡ್‌ಗಳನ್ನು ತೀವ್ರವಾಗಿ ತಗ್ಗಿಸಲು ಹೇಳಿದ್ದಷ್ಟೇ ಅಲ್ಲ, ಆ ಮಟ್ಟ 5 ವರ್ಷ ಅಥವಾ 50,000 ಮೈಲಿ (ಸುಮಾರು 80,000 ಕಿಲೋಮೀಟರ್) ಉಳಿಯಬೇಕೆಂದೂ ವಿಧಿಸಿತು. ಪಾಯಿಂಟುಗಳು ಸಿಕ್ಕಿಬಿದ್ದದ್ದು ಇಲ್ಲಿ. ಕ್ಯಾಮಿಗೆ ಉಜ್ಜುವ ನಾರಿನ ತುಂಡು ಸವೆದಂತೆ ಪಾಯಿಂಟುಗಳ ಅಂತರ ಕುಗ್ಗಿ ಕಿಡಿ ತಡವಾಗುತ್ತದೆ. ಒಮ್ಮೆ ಕಿಡಿ ತಪ್ಪಿದರೆ ಆ ಸಿಲಿಂಡರಿನ ಪೆಟ್ರೋಲೆಲ್ಲ ಸುಡದೆ ಹೊರಬೀಳುತ್ತದೆ. ಕ್ರೈಸ್ಲರ್ 1973ರ ಮಾದರಿಯ ತನ್ನ ಅಮೆರಿಕನ್ ಕಾರುಗಳೆಲ್ಲಕ್ಕೂ ಎಲೆಕ್ಟ್ರಾನಿಕ್ ದಹನ ಅಳವಡಿಸಿತು. ಜನರಲ್ ಮೋಟಾರ್ಸ್ 1975ರಲ್ಲಿ ಅದನ್ನೇ ಮಾಡಿತು. ಹೊಗೆ ಶುದ್ಧಿಗೊಳಿಸುವ ವೇಗವರ್ಧಕ ಪಾತ್ರೆ ಅಲ್ಲಿನ ಕಾರುಗಳಿಗೆ ವ್ಯಾಪಕವಾಗಿ ಬಂದದ್ದೂ ಅದೇ ವರ್ಷ. ಸುಡದ ಪೆಟ್ರೋಲ್ ಅದರೊಳಗೆ ಹೊಕ್ಕರೆ ಪಾತ್ರೆ ವಿಪರೀತ ಕಾದು ಹಾಳಾಗುತ್ತದೆ, ಹೀಗಾಗಿ ನಂಬಬಹುದಾದ ಕಿಡಿ ಅನಿವಾರ್ಯವಾಯಿತು. ಅಷ್ಟರಲ್ಲಿ ಅದೇ ಕಾಯಿದೆ, ಏರಿದ ವಿಮೆ ದರ, 1973ರ ತೈಲ ಬಿಕ್ಕಟ್ಟು ಸೇರಿ ಮಸಲ್ ಕಾರುಗಳ ಕಥೆ ಮುಗಿಸಿದ್ದವು. ಅವುಗಳಿಗೆ ಬೇಕಾಗಿದ್ದ ಕಿಡಿ, ಅವು ಹೋದ ಮೇಲೆ ಬಂತು.

ಇಂದು ಅಮೆರಿಕದಲ್ಲಿ 1968ರ ಪ್ಲಿಮತ್ ರೋಡ್ ರನ್ನರಿನಂಥ ಕಾರನ್ನು ಸಾಕಿಕೊಂಡವರು ಅದಕ್ಕೆ ಈ ತಡವಾದ ಕಿಡಿಯನ್ನು ಜೋಡಿಸುತ್ತಾರೆ. ಒಂದು ಬಗೆಯ ಜೋಡಣೆಯಲ್ಲಿ ಎಂಟು ಹಲ್ಲಿನ ಚಕ್ರ ಕಾಂತದ ಮುಂದೆ ತಿರುಗಿ ಸುರುಳಿಯಲ್ಲಿ ಸಂಜ್ಞೆ ಪ್ರೇರಿಸುತ್ತದೆ; ಇನ್ನೊಂದರಲ್ಲಿ ಎಡ್ವಿನ್ ಹಾಲ್ 1879ರಲ್ಲಿ ಕಂಡ ಪರಿಣಾಮ ಅದೇ ಕೆಲಸ ಮಾಡುತ್ತದೆ. ಎಚ್ಚರ ಬೇಕಾದ್ದು ಪಾಯಿಂಟುಗಳನ್ನು ಕಾಪಾಡಲು ಹಾಕಿದ್ದ ಸರಣಿ ರೋಧಕದ ವಿಷಯದಲ್ಲಿ. ಪೂರ್ಣ 12 ವೋಲ್ಟ್ ಬೇಡುವ ಸಾಧನವನ್ನು ಅದರ ಆಚೆ ಜೋಡಿಸಿದರೆ ಕಿಡಿ ದುರ್ಬಲ. ಕಡಿಮೆ ರೋಧದ ಸುರುಳಿ ಇದ್ದಾಗ ಅದನ್ನು ಕಿತ್ತುಹಾಕಿದರೆ ಟ್ರಾನ್ಸಿಸ್ಟರಿಗೇ ಅಪಾಯ. ಓಮ್ ನಿಯಮ ಹಳೆಯ ಕಾರಿಗೂ ಹೊಸ ಸಾಧನಕ್ಕೂ ಒಂದೇ ತಾನೆ?

ಬದಲಿಸಬೇಕೇ ಎಂದು ನೀವು ಕೇಳಿದರೆ, ರಸ್ತೆಯಲ್ಲಿ ಓಡುವ ಕಾರಾದರೆ ಬದಲಿಸಿ ಎನ್ನುತ್ತೇನೆ. ಪ್ರದರ್ಶನಾಲಯದಲ್ಲಿ ನಿಲ್ಲುವುದಾದರೆ ಮುಟ್ಟಬೇಡಿ. ತೆಗೆದ ಪಾಯಿಂಟು, ಕಂಡೆನ್ಸರುಗಳನ್ನು ಮಾತ್ರ ಕಾರಿನಲ್ಲೇ ಇಟ್ಟುಕೊಳ್ಳಿ. ಪಾಯಿಂಟು ಸವೆಯುತ್ತಾ, ಕೆಮ್ಮುತ್ತಾ ಮುನ್ಸೂಚನೆ ಕೊಡುತ್ತದೆ, ಉಪ್ಪುಕಾಗದಕ್ಕೆ ಮಣಿಯುತ್ತದೆ. ಟ್ರಾನ್ಸಿಸ್ಟರ್ ಹೋದರೆ ಹೇಳದೆ ಕೇಳದೆ ಹೋಗುತ್ತದೆ. ಹಾಲ್ ಪರಿಣಾಮದ ಪುಟ್ಟ ಸಾಧನ ಹಳೆಯ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೇ ಅಡಗುವುದರಿಂದ ಮೇಲ್ನೋಟಕ್ಕೆ ಏನೂ ತಿಳಿಯದು. ಬಗ್ಗಿ ನೋಡಿದರೆ ಗುರುತು ಒಂದೇ: ಡಿಸ್ಟ್ರಿಬ್ಯೂಟರಿನಿಂದ ಕಾಯಿಲಿಗೆ ಹೋಗುವ ಸಣ್ಣ ತಂತಿ ಮೊದಲು ಒಂದಿತ್ತು, ಈಗ ಎರಡಿರುತ್ತವೆ.